ಚೀನೀ ಭಾಷೆ ಬಲ್ಲವನ ತಾಯಿ

"ನಿಮ್ಮ ಮಗನಿಗೆ ಚೀನೀ ಭಾಷೆ ಬರುತ್ತೇನಮ್ಮ?"

ಜಗಲಿಯ ಮೇಲೆ ಕೂತವನು ಮಜ್ಜಿಗೆಯ ಲೋಟ ಕೆಳಗಿಟ್ಟು ಕೇಳಿದ. ಮಫ್ತಿಯಲ್ಲಿದ್ದರೂ ಬೂಟು ಮಾತ್ರ ಪೊಲೀಸರದೇ. ವೆಂಕಟರತ್ನಮ್ಮ ಆ ಬೂಟನ್ನೇ ನೋಡಿದಳು. ಗಡಿಯಲ್ಲಿ ಚೀನದ ಜೊತೆಗಿನ ಯುದ್ಧ ನಿಂತು ತಿಂಗಳೂ ಆಗಿರಲಿಲ್ಲ. ಕಲ್ಕತ್ತದಲ್ಲಿದ್ದ ಚೀನೀಯರನ್ನು ಹೆಂಗಸರು ಮಕ್ಕಳೆನ್ನದೆ ಹಿಡಿದು ರೈಲಿಗೆ ತುಂಬಿದರಂತೆ ಎಂದು ಗೌರಿಬಿದನೂರಿನ ಪೇಟೆಯಲ್ಲೆಲ್ಲ ಮಾತು. ಅವಳ ಮಗ ಚನ್ನಕೇಶವ ಓದಿದ್ದು ಅದೇ ಕಲ್ಕತ್ತದಲ್ಲಿ; ಈಗ ಬೆಂಗಳೂರಿನ ಕಾಲೇಜೊಂದರಲ್ಲಿ ಚರಿತ್ರೆಯ ಮೇಷ್ಟ್ರು.

"ಇಲ್ಲ ಸ್ವಾಮಿ. ಕನ್ನಡ, ತೆಲುಗು, ಇಂಗ್ಲಿಷು. ಅಷ್ಟೇ."

ಆತ ಬರೆದುಕೊಂಡು ರೈಲ್ವೆ ಸ್ಟೇಷನ್ನಿನ ಕಡೆಗೆ ಹೊರಟ.

ರಜೆಗೆ ಬಂದು ಮಂಚೇನಹಳ್ಳಿಯ ನೆಂಟರ ಮನೆಗೆ ಹೋಗಿದ್ದ ಚನ್ನಕೇಶವ ಹಿಂತಿರುಗಿದಾಗ ಅವಳು ಬಾಗಿಲಿಗೆ ಅಗಳಿ ಹಾಕಿ ದೇವರ ಮುಂದೆ ಕೂತಿದ್ದಳು. ಎಲ್ಲ ಕೇಳಿ ಅವನು ಕಂಬಕ್ಕೆ ಒರಗಿದ.

"ಅಯ್ಯೋ ಅಮ್ಮ, ಆ ಭಾಷೆ ಬರುತ್ತೆ ಅಂತಾನೇ ದಿಲ್ಲಿಯವರು ಕರೀತಿರೋದು. ಗಡಿ ವಿಚಾರದಲ್ಲಿ ಸರ್ಕಾರಕ್ಕೆ ಸಲಹೆ ಕೊಡೋ ಕೆಲಸ. ಅದಕ್ಕೇ ಮನೆಗೆ ಬಂದು ವಿಚಾರಿಸಿದ್ದು. ನಾನು ಬರುತ್ತೆ ಅಂದಿದ್ದೀನಿ, ನೀನು ಇಲ್ಲ ಅಂದಿದ್ದೀಯ. ಏನೋ ಮುಚ್ಚಿಡ್ತಿದ್ದೀವಿ ಅನ್ಕೊಳಲ್ವಾ?"

"ಮೊದ್ಲೇ ಹೇಳಬಾರದಿತ್ತೇನಪ್ಪ?"

"ಯಾರಿಗೂ ಹೇಳಬೇಡ ಅಂದಿದ್ರು. ಹೋಗ್ಲಿ ಬಿಡು. ಈಗ ನಾನು ಹೋಗಿ ಹೇಳಿದ್ರೆ ಇನ್ನೂ ಅನುಮಾನ."

ವೆಂಕಟರತ್ನಮ್ಮ ಸೆರಗು ಹೊದ್ದು ಒಬ್ಬಳೇ ಹೊರಟಳು. ಗಂಡ ತೀರಿದ ಮೇಲೆ ಅವಳು ಒಬ್ಬಳೇ ಪೇಟೆ ದಾಟಿದವಳಲ್ಲ. ದಾರಿಯಲ್ಲಿ ಎರಡು ಸಲ ಹಿಂತಿರುಗಬೇಕೆನಿಸಿತು. ತಾನೇ ಬಾಯಿಬಿಟ್ಟು ಮಗನನ್ನು ಹಿಡಿದುಕೊಟ್ಟಂತಾದರೆ?

ರೈಲು ಇನ್ನೂ ಬಂದಿರಲಿಲ್ಲ; ಆತ ಪ್ಲಾಟ್‌ಫಾರಂ ಬೆಂಚಿನ ಮೇಲಿದ್ದ.

"ಸುಳ್ಳು ಹೇಳ್ದೆ ಸ್ವಾಮಿ. ಅವನಿಗೆ ಬರುತ್ತೆ. ಬೆಳಗ್ಗೆ ಎದ್ದು ಜೋರಾಗಿ ಓದ್ಕೊತಾನೆ, ನಾನೇ ಕೇಳಿದ್ದೀನಿ."

"ಮಗ ಕಳಿಸಿದನಾ?"

"ಇಲ್ಲ, ಹೋಗ್ಲಿ ಬಿಡು ಅಂದ."

"ಮತ್ತೆ ಆಗ ಯಾಕಮ್ಮ ಸುಳ್ಳು?"

"ಹಿಡ್ಕೊಂಡು ಹೋಗ್ತೀರ ಅಂತ. ಈಗ್ಲೂ ಅದೇ ಭಯ."

ಆತ ಅದನ್ನೂ ಬರೆದುಕೊಂಡ. ರೈಲು ಬಂತು, ಹತ್ತಿ ಹೋದ.

ಆಮೇಲೆ ಬೀದಿಯಲ್ಲಿ ಯಾರ ಬೂಟಿನ ಸದ್ದಾದರೂ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ಯುಗಾದಿಯ ಹೊತ್ತಿಗೆ ಚನ್ನಕೇಶವ ಕೆಲಸಕ್ಕೆ ಸೇರಬೇಕೆಂದು ದಿಲ್ಲಿಯಿಂದ ಆದೇಶ ಬಂತು. ಹೊರಡುವ ದಿನ ಊಟಕ್ಕೆ ಬಡಿಸುತ್ತ ಕೇಳಿದಳು:

"ಅಲ್ಲಿ ದಿನಾ ಏನು ಮಾಡ್ತೀಯಪ್ಪ?"

"ಹೇಳೋ ಹಾಗಿಲ್ಲಮ್ಮ."

"ಉಂಡೆ, ಮಲಗಿದೆ ಅಂತಾದ್ರೂ ಬರೀಬಹುದಾ?"

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಇನ್ನರ್ಧ ಮುದ್ದೆ ಮುರಿದು ಅವನ ತಟ್ಟೆಗಿಟ್ಟು, ಅವನು ಉಣ್ಣುವುದನ್ನೇ ನೋಡುತ್ತ ಕೂತಳು.