ಏನೂ ಇಲ್ಲದ್ದು

ನಾನು ಒಂದು ಮರದ ಅಕ್ಷರ. ಜಮಖಂಡಿಯ ಮೌನೇಶಪ್ಪ ಬಡಿಗೇರ ಹಳೆಯ ಬಾಗಿಲಿನ ಸಾಗವಾನಿ ಹಲಗೆಯಲ್ಲಿ ನನ್ನನ್ನು ಕೆತ್ತಿದ. ಗೋಡೆಗೆ ಹಚ್ಚುವ ಪೋಸ್ಟರುಗಳಿಗೆಂದು ಒಂದು ಪ್ರೆಸ್ಸಿನವರು ಬೆರಳುದ್ದದ ಅಕ್ಷರಗಳ ಪೂರಾ ಸೆಟ್ಟನ್ನೇ ಹೇಳಿ ಮಾಡಿಸಿದ್ದರು. ದಪ್ಪ ತೆಳುವಿನ ನಾಜೂಕಿಲ್ಲ, ತುದಿಗೆ ಕುಚ್ಚಿಲ್ಲ, ಉದ್ದಕ್ಕೂ ಒಂದೇ ದಪ್ಪದ ಗೀಟು. ನಮ್ಮದು ಸಾದಾ ಅಕ್ಷರಗಳ ಮನೆತನ. ಆದರೂ ಮೌನೇಶಪ್ಪನ ಉಳಿ ಸುಮ್ಮನಿರುತ್ತಿರಲಿಲ್ಲ. ಳಕಾರದ ಬಾಲವನ್ನು ಮೇಲಕ್ಕೆ ಸೆಟೆಸಿದ. ಷಕಾರದ ಹೊಟ್ಟೆಯ ಓರೆಗೀಟನ್ನು ಅಂಚು ದಾಟಿಸಿದ. ಠಕಾರದ ನಡುವಿನ ಚುಕ್ಕೆಯನ್ನು ದಪ್ಪಗೆ, ದುಂಡಗೆ ನಿಲ್ಲಿಸಿದ. ನನ್ನ ಸರದಿ ಬರುವ ಹೊತ್ತಿಗೆ ಅವನಿಗೆ ಊಟದ ನೆನಪಾಗಿತ್ತೋ ಏನೋ. ಒಂದು ಸುತ್ತು, ಮೇಲೊಂದು ತಲೆಕಟ್ಟು, ರಕಾರ ಮುಗಿಯಿತು. ಅಂಥವೇ ನಾಲ್ಕು ಕೆತ್ತಿದ. ತಲೆಕಟ್ಟೇನು, ಸೆಟ್ಟಿನ ಮುಕ್ಕಾಲು ಪಾಲಿಗೆ ಇತ್ತು.

ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನು ದಾವಲಸಾಬ. ಪೆಟ್ಟಿಗೆಯಿಂದ ಒಂದೊಂದೇ ಅಕ್ಷರ ತೆಗೆದು ಅವನ ಕೈಗೆ ಕೊಡುವವಳು ಅವನ ಹೆಂಡತಿ ಮಾಬೂಬಿ. ಮಾಬೂಬಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ಗುರುತು ಸಿಗಲೆಂದು ದಾವಲಸಾಬ ಅಕ್ಷರಗಳ ಮೈಮೇಲಿನ ವಿಶೇಷಕ್ಕೆಲ್ಲ ಒಂದೊಂದು ಹೆಸರಿಟ್ಟ. ಳಕಾರದ ಬಾಲ ಚೇಳಿನ ಕೊಂಡಿ. ಷಕಾರದ ಗೀಟು ಜನಿವಾರ. ಠಕಾರದ ಚುಕ್ಕೆ ಕಡಲೆ. ಅವಳು ಹೆಬ್ಬೆರಳಿನಿಂದ ಆ ಜಾಗವನ್ನೊಮ್ಮೆ ಸವರಿ, ಹೆಸರು ಹೇಳಿಯೇ ಅಕ್ಷರ ಕೊಡುತ್ತಿದ್ದಳು. ನಮ್ಮ ನಾಲ್ವರ ಮೈಯಲ್ಲಿ ಸವರಲು ಏನಿತ್ತು?

"ಏನೂ ಇಲ್ಲದ್ದು ಎರಡ ಕೊಡು," ಎನ್ನುತ್ತಿದ್ದ ದಾವಲಸಾಬ. ರವಿವಾರ ಎಂದು ಜೋಡಿಸಲು ಎರಡು ರಕಾರ ಬೇಕು.

"ಇಗೋರಿ, ಏನೂ ಇಲ್ಲದ್ದು."

ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ವಾರವಾರವೂ ಮಸಿ ಹಚ್ಚಿಸಿಕೊಂಡು ದುಡಿಯುವವರು ನಾವು. ತಿಂಗಳಿಗೊಮ್ಮೆ ಮೈ ಮುರಿದು ಏಳುವ ಠಕಾರಕ್ಕೆ ಹೆಸರು, ಸವರಿಕೆ, ಮೇಲೊಂದು ನಗು. ಅದು ಹಾಳಾಗಿ ಹೋಗಲಿ ಎಂದು ನಾನು ಮನಸಾರೆ ಬೇಡಿಕೊಂಡೆ. ಅಣ್ಣತಮ್ಮಂದಿರು ತೆಪ್ಪಗಿದ್ದರು. ನನಗೆ ಆಗಲಿಲ್ಲ.

ಅಚ್ಚು ಮುಗಿದ ಮೇಲೆ ನಮ್ಮನ್ನು ಸೀಮೆಎಣ್ಣೆಯಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು ರೂಢಿ. ಒಂದು ಶುಕ್ರವಾರ ಮಾಬೂಬಿ ಅವಸರದಲ್ಲಿ ಠಕಾರವನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ಬಂದು ನೋಡಿದರೆ ತಲೆಯಿಂದ ಬುಡದವರೆಗೆ ಸೀಳಿತ್ತು. ನನಗೆ ಹಬ್ಬ. ಮುಚ್ಚಿಡುವುದೇಕೆ?

ಅದೇ ದಿನ ಕುಸ್ತಿಯ ಪೋಸ್ಟರಿನ ಕೆಲಸ ಬಂದಿತ್ತು. ನೀಲಕಂಠ ಪೈಲವಾನನ ಹೆಸರು ದೊಡ್ಡದಾಗಿ ಬರಬೇಕು, ಠಕಾರ ಇದ್ದದ್ದು ಒಂದೇ. ಮೌನೇಶಪ್ಪ ತೀರಿಕೊಂಡು ವರ್ಷವಾಗಿತ್ತು.

"ಬಿಸಲಾಗ ಯಾಕ ಇಟ್ಟಿ?" ದಾವಲಸಾಬ ಒಮ್ಮೆ ಮಾತ್ರ ಕೇಳಿದ. ಅವನು ಪೆಟ್ಟಿಗೆಗೆ ಕೈ ಹಾಕಿ ನನ್ನನ್ನು ಎತ್ತಿದ, ಚಪ್ಪಟೆ ತಲೆಯ ಮೊಳೆಯೊಂದನ್ನು ಹುಡುಕಿ ನನ್ನ ಹೊಟ್ಟೆಯ ನಡುವೆ ಹೊಡೆದ. ನೋವಾಯಿತು. ಆದರೆ ಅದಕ್ಕಿಂತ ಖುಷಿ ಹೆಚ್ಚಿತ್ತು. ಇನ್ನು ಮೇಲೆ ಕಡಲೆ ನಾನೇ.

"ಕಡ್ಲಿ ಕೊಡು," ಎಂದ ದಾವಲಸಾಬ.

ಮಾಬೂಬಿ ನನ್ನನ್ನು ತೆಗೆದು ಕೊಟ್ಟಳು. ಸವರಲಿಲ್ಲ. ಹೆಸರೂ ಹೇಳಲಿಲ್ಲ. ಆ ದಿನ ಮಾತ್ರವಲ್ಲ, ಆಮೇಲೂ ಎಂದೂ ಇಲ್ಲ.

ನೀಲಕಂಠ ಕುಸ್ತಿ ಬಿಟ್ಟ. ನಾನು ತಿಂಗಳುಗಟ್ಟಲೆ ಠಕಾರದ ಖಾನೆಯಲ್ಲಿ ಒಬ್ಬನೇ ಬಿದ್ದಿರುತ್ತಿದ್ದೆ. ಪಕ್ಕದಲ್ಲೇ ಅಣ್ಣತಮ್ಮಂದಿರು ವಾರವಾರವೂ ಹೋಗಿ ಮಸಿಯ ವಾಸನೆ ಹೊತ್ತು ಬರುತ್ತಿದ್ದರು. "ಏನೂ ಇಲ್ಲದ್ದು" ಎಂದು ಅವಳು ಅವರನ್ನಾದರೂ ಕರೆಯುತ್ತಿದ್ದಳಲ್ಲ. ಈಗ ಹೊಟ್ಟೆಕಿಚ್ಚು ಅವರ ಕಡೆ ತಿರುಗಿತು.

ಹೊಸ ಯಂತ್ರಗಳು ಬಂದು ಪ್ರೆಸ್ಸು ಮುಚ್ಚಿತು. ದಾವಲಸಾಬ ತೀರಿಹೋದ. ನಮ್ಮ ಪೆಟ್ಟಿಗೆ ಮಾಬೂಬಿಯ ಮನೆಯ ಮೂಲೆ ಸೇರಿ ಎಷ್ಟೋ ವರ್ಷವಾದ ಮೇಲೆ ಬೆಳಗಾವಿಯ ಚಿತ್ರಕಲಾ ಶಾಲೆಯ ಸುನೇತ್ರಾ ಎಂಬ ಮೇಡಂ ಹುಡುಕಿಕೊಂಡು ಬಂದಳು.

"ಅಜ್ಜಿ, ಇಂಗ್ಲಿಷಿನ ಸಾದಾ ಅಕ್ಷರದಾಗ ಎಲ್ಲೆರೆ ಬಾಲ, ಕಿವಿ ಇದ್ರ ಅದಕ್ಕೊಂದು ಹೆಸರಿರತದ. ಇವಕ್ಕ ನೀವೇನಂತಿದ್ರಿ?"

ಮಾಬೂಬಿಯ ಕಣ್ಣು ಮಂಜಾಗಿತ್ತು, ಬೆರಳು ಮರೆತಿರಲಿಲ್ಲ. ಒಂದೊಂದನ್ನೇ ಸವರುತ್ತ ಹೇಳಿದಳು, ಸುನೇತ್ರಾ ಬರೆದುಕೊಂಡಳು. ಚೇಳಿನ ಕೊಂಡಿ. ಜನಿವಾರ. ನನ್ನ ಸರದಿ ಬಂತು. ಅವಳ ಹೆಬ್ಬೆರಳು ಮೊಳೆಯ ಮೇಲೆ ಬಂದು ನಿಂತಿತು. ಈಗಲಾದರೂ ಕಡಲೆ ಅನ್ನು ಎಂದು ನಾನು ಕಾದೆ.

"ಇದು ಕಡ್ಲಿ ಅಲ್ಲವ್ವಾ," ಎಂದಳು ಮಾಬೂಬಿ. "ಕಡ್ಲಿನ್ನ ನಾನಽ ಬಿಸಲಾಗ ಇಟ್ಟು ಸೀಳಿಸಿದೆ. ಅದಕ್ಕ ನಮ್ಮನಿಯವರು ಇದರ ಹೊಟ್ಟಿಗೆ ಮೊಳಿ ಬಡದ್ರು. ತಪ್ಪು ನಂದು, ಮೊಳಿ ತಿಂದದ್ದು ಇದು. ಇದನ್ನ ಹಿಡದಾಗೊಮ್ಮೆ ನನಗ ಬಾಯಿ ಕಟ್ಟತಿತ್ತು."

"ಹಂಗಾರ ಏನಂತ ಬರೀಲಿ?"

ಅವಳು ಮೊಳೆಯನ್ನು ಮೆಲ್ಲಗೆ ಸವರಿದಳು. "ಮೊಳಿ ನುಂಗಿದ್ದು ಅಂತ ಬರಿ."

ಮೂವತ್ತು ವರ್ಷ ನಾನು ತಾತ್ಸಾರ ಎಂದುಕೊಂಡದ್ದು ತಾತ್ಸಾರವಾಗಿರಲಿಲ್ಲ. ಆ ಕ್ಷಣ ನನ್ನ ಹೊಟ್ಟೆಯ ಉರಿಯೆಲ್ಲ ತಣ್ಣಗಾಯಿತು.

ಅಷ್ಟರಲ್ಲಿ ಸುನೇತ್ರಾ ಕೇಳಿದಳು: "ಆ ಸೀಳಿದ್ದು ಏನಾತರಿ?"

ಮಾಬೂಬಿ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿದಳು. ಅಡಿಕೆ ಚೂರುಗಳ ನಡುವೆ, ದಾರ ಸುತ್ತಿದ ಠಕಾರ. ಎಲ್ಲ ಅಕ್ಷರಗಳನ್ನೂ ಶಾಲೆಗೆ ಕೊಡಲು ಅವಳು ಒಪ್ಪಿದಳು. "ಇದೊಂದು ನನ್ನ ಹಂತ್ಯಾಕ ಇರಲಿ," ಎಂದು ಸಂಚಿಯ ಬಾಯಿ ಕಟ್ಟಿದಳು.

ಈಗ ನಾನು ಬೆಳಗಾವಿಯಲ್ಲಿ ಗಾಜಿನ ಕಪಾಟಿನೊಳಗಿದ್ದೇನೆ. ಕೆಳಗಿನ ಚೀಟಿಯಲ್ಲಿ ನನ್ನ ಹೆಸರಿದೆ. ಬಂದವರು ಬಗ್ಗಿ ಓದಿ ಹೋಗುತ್ತಾರೆ. ಗಾಜಿನೊಳಗೆ ಯಾರ ಬೆರಳೂ ಬರುವುದಿಲ್ಲ. ಜಮಖಂಡಿಯಲ್ಲಿ ಮಾಬೂಬಿ ದಿನಕ್ಕೆ ನಾಲ್ಕು ಸಲವಾದರೂ ಎಲೆ ಹಾಕುತ್ತಾಳೆ, ನಾಲ್ಕು ಸಲವೂ ಸಂಚಿಗೆ ಕೈ ಹಾಕುತ್ತಾಳೆ. ನನಗೂ ವಯಸ್ಸಾಯಿತು, ಇನ್ನಾದರೂ ಬಿಡಬೇಕು ಎಂದುಕೊಳ್ಳುತ್ತೇನೆ. ಆದರೆ ಆ ಸಂಚಿಯ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.