ಮೊಳೆ ಹೊಡೆಯೋ ಹಾಗಿಲ್ಲ

ಗೋದಮ್ಮ ಮೆಟ್ಟಿಲ ಕಂಬಿ ಹಿಡಿದು ನಿಧಾನವಾಗಿ ಹತ್ತುತ್ತಿದ್ದರೆ, ಅಶ್ವತ್ಥಮ್ಮ ಬೀಗದ ಕೈ ಗೊಂಚಲು ಹಿಡಿದು ಹಿಂದೆ ಬರುತ್ತಿದ್ದಳು. ಗೊಂಚಲಿನಲ್ಲಿ ಆ ಹೊತ್ತಿಗೆ ಬೇಕಾಗಿದ್ದದ್ದು ಒಂದೇ ಕೀ. ಉಳಿದವು ಬೀರುವಿನವು, ಹಳ್ಳಿಯ ಕೊಟ್ಟಿಗೆಯದು, ಯಾವ ಬೀಗಕ್ಕೂ ಸೇರದ ಒಂದೆರಡು ತುಕ್ಕು ಹಿಡಿದವು. ಎಲ್ಲವನ್ನೂ ಬೇಕೆಂದೇ ತಂದಿದ್ದಳು. ಓನರ್ ಅಂದಮೇಲೆ ಕೈಯಲ್ಲಿ ನಾಲ್ಕು ಕೀ ಸದ್ದು ಮಾಡದಿದ್ದರೆ ಹೇಗೆ?

ಚಿಕ್ಕಬಳ್ಳಾಪುರದ ಹಳೇ ಪೇಟೆಯಲ್ಲಿ ಇದೇ ಗೋದಮ್ಮನ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಅಶ್ವತ್ಥಮ್ಮನ ಸಂಸಾರ ಬಾಡಿಗೆಗಿತ್ತು. ಒಂದು ದಿನ, ಎರಡು ದಿನವಲ್ಲ. ಮಗಳು ಮಾಲಾ ಒಂದನೇ ಕ್ಲಾಸಿಗೆ ಸೇರಿದ ವರ್ಷದಿಂದ ಕಾಲೇಜು ಮುಗಿಸುವ ತನಕ. ಈಗ ಆ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ಅದು ಏಳುವವರೆಗೆ ಗೋದಮ್ಮನಿಗೂ ಹೈಸ್ಕೂಲು ಮೇಷ್ಟ್ರಾಗಿದ್ದ ಮಗ ವಾದಿರಾಜನಿಗೂ ಒಂದು ಮನೆ ಬೇಕಿತ್ತು. ಮುದ್ದೇನಹಳ್ಳಿ ರಸ್ತೆಯ ಹೊಸ ಬಡಾವಣೆಯಲ್ಲಿ ಮಹಡಿ ಮನೆ ಖಾಲಿ ಇದೆಯೆಂದು ಯಾರೋ ಹೇಳಿದರು, ಬಂದರು. ಬಾಗಿಲು ತೆಗೆದವಳು ಅಶ್ವತ್ಥಮ್ಮ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದವರು ಬಾಡಿಗೆಗೆ ಕೊಟ್ಟು ನೋಡು ಅನ್ನುವುದನ್ನು ಯಾಕೆ ಬಿಟ್ಟರೋ. ಆ ಕೊರತೆಯನ್ನು ವೆಂಕಟರವಣಪ್ಪ ತುಂಬಿದ್ದ. ಅವನು ಅಶ್ವತ್ಥಮ್ಮನ ಗಂಡ ನರಸಿಂಹಪ್ಪನಿಗೆ ಭಾವ, ಅಕ್ಕನ ಗಂಡ. ಚಿಂತಾಮಣಿಯಲ್ಲಿ ಸಾಲು ಮನೆ ಕಟ್ಟಿಸಿ, ಬಾಡಿಗೆಯವರ ದೆಸೆಯಿಂದಲೇ ತನ್ನ ತಲೆ ಬೋಳಾಯಿತೆಂದು ಹೇಳಿಕೊಂಡು ತಿರುಗುವವನು. ಮಹಡಿಯ ಮೇಲೆ ಗಾರೆ ಒಣಗುವ ಮೊದಲೇ ಅವನ ಬುದ್ಧಿವಾದ ಫೋನಿನಲ್ಲಿ ಶುರುವಾಗಿತ್ತು. ಕರಾರು ಹನ್ನೊಂದು ತಿಂಗಳಿಗೆ ಮಾಡಿಸು, ಅಡ್ವಾನ್ಸು ಕೈಗೆ ಬಾರದೆ ಕೀ ಕೊಡಬೇಡ, ಕರೆಂಟಿಗೆ ಬೇರೆ ಮೀಟರು ಹಾಕಿಸು, ಖಾಲಿ ಮನೆಯ ಗೋಡೆ, ನಲ್ಲಿ, ಕಿಟಕಿ ಎಲ್ಲದರ ಫೋಟೋ ತೆಗೆದಿಟ್ಟುಕೋ. ಎಲ್ಲಕ್ಕಿಂತ ದೊಡ್ಡ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದ.

"ಚೂಡಮ್ಮಾ, ಇಲ್ನೋಡು, ಗೊತ್ತಿರೋರಿಗೆ ಮಾತ್ರ ಮನೆ ಕೊಡಬೇಡ. ಬಾಡಿಗೆ ಕೇಳಾಕೂ ಬಾಯಿ ಬರಲ್ಲ, ಖಾಲಿ ಮಾಡಿ ಅನ್ನಾಕೂ ಬಾಯಿ ಬರಲ್ಲ."

ಉಳಿದದ್ದನ್ನೆಲ್ಲ ಅಶ್ವತ್ಥಮ್ಮ ಚಾಚೂ ತಪ್ಪದೆ ಮಾಡಿದಳು. ಕೊನೆಯದನ್ನು ಮಾತ್ರ ಗಾಳಿಗೆ ತೂರಿದಳು. ಗೋದಮ್ಮನಿಗೆ ಮನೆ ಕೊಡದೆ ಇನ್ನಾರಿಗೆ ಕೊಡುವುದು? ಆಕೆ ತನ್ನ ಮನೆಯಲ್ಲಿ ಇರಬೇಕು, ತನ್ನ ನೆಲದ ಮೇಲೆ ಓಡಾಡಬೇಕು, ಒಂದು ದಿನ ತಾನಾಗಿ ಬಾಯಿಬಿಟ್ಟು ಮನೆ ಚೆನ್ನಾಗಿದೆ ಅನ್ನಬೇಕು. ಊರೆಲ್ಲ ಹೊಗಳಿದ್ದಾಗಿತ್ತು. ಆದರೆ ಆ ಒಂದು ಬಾಯಿಂದ ಬಾರದೆ ಇಷ್ಟು ಕಷ್ಟಪಟ್ಟು ಕಟ್ಟಿದ್ದು ಅವಳ ಮನಸ್ಸಿಗೆ ಪೂರ್ತಿಯಾಗುವ ಹಾಗಿರಲಿಲ್ಲ.

ಕಷ್ಟವೇನು ಕಡಿಮೆಯದಲ್ಲ. ಮಹಡಿಯ ಗೋಡೆ ಎದ್ದದ್ದು ಕಡು ಬೇಸಿಗೆಯಲ್ಲಿ. ಬೋರು ಕೈಕೊಟ್ಟು ಟ್ಯಾಂಕರಿನ ನೀರೇ ಗತಿಯಾಗಿತ್ತು. ಎಳೆ ಗೋಡೆ ನೀರು ಕುಡಿದಷ್ಟೂ ಗಟ್ಟಿ ಎಂದು ಗಾರೆ ಮೇಸ್ತ್ರಿ ಚೆನ್ನರಾಯಪ್ಪ ಒಂದು ಸಲ ಹೇಳಿದ್ದೇ ತಡ, ಅಶ್ವತ್ಥಮ್ಮ ಸೆರಗು ಸಿಕ್ಕಿಸಿ ನಿಂತುಬಿಟ್ಟಳು. ಬೆಳಿಗ್ಗೆ ಸಂಜೆ ಕೆಳಗಿನ ತೊಟ್ಟಿಯಿಂದ ಕೊಡ ಹೊತ್ತು ಹತ್ತಿ, ಚೊಂಬಿನಲ್ಲಿ ಮೊಗೆದು ಗೋಡೆಗೆ ಎರಚುವುದು. ಸಾಕು ನಿಲ್ಲಿಸಿ ಎಂದು ಮೇಸ್ತ್ರಿಯೇ ಕೈಮುಗಿದರೂ ಬಿಡಲಿಲ್ಲ. ಹೆತ್ತ ಮಗಳಿಗೂ ಇಷ್ಟು ನೀರು ಹೊಯ್ದಿಲ್ಲ ನೀನು ಎಂದು ನರಸಿಂಹಪ್ಪ ನಗುತ್ತಿದ್ದ.

ಗೋದಮ್ಮ ಬಾಗಿಲು ದಾಟಿ ಒಳಗೆ ಬಂದರು. ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ ನಿಲ್ಲಿಸಿದರು. ಕಿಟಕಿ ತೆಗೆದರು, ದೂರದಲ್ಲಿ ನಂದಿ ಬೆಟ್ಟ ಕಂಡಿತು. "ಗಾಳಿ ಬೆಳಕು ಇದೆ," ಎಂದರು. ಅಷ್ಟೇ.

ಅಶ್ವತ್ಥಮ್ಮನಿಗೆ ಮೈ ಉರಿಯಿತು. ಗಂಟಲು ಸರಿಮಾಡಿಕೊಂಡು ಓನರಿನ ಕಟ್ಟಳೆಗಳನ್ನು ಒಪ್ಪಿಸಿದಳು. ನೆಂಟರು ಬಂದರೆ ಮೊದಲೇ ಹೇಳಬೇಕು, ಒನಕೆ ಕುಟ್ಟಬಾರದು, ರಾತ್ರಿ ಗೇಟಿಗೆ ಬೀಗ ಬೀಳುತ್ತದೆ. ಎಲ್ಲವೂ ಗೋದಮ್ಮನಿಂದಲೇ ಕಲಿತದ್ದು, ಅದೇ ರಾಗ. ಕೊನೆಯದನ್ನು ಹೇಳುವ ಮುಂಚೆ ಕೀ ಗೊಂಚಲನ್ನು ಎಡಗೈಯಿಂದ ಬಲಗೈಗೆ ತಂದುಕೊಂಡಳು.

"ಇನ್ನೊಂದು, ಗೋದಮ್ಮನೋರೇ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ."

ಈ ಮಾತನ್ನು ಅವಳು ಆ ಹಿಂಭಾಗದ ಕೋಣೆಗೆ ಕಾಲಿಟ್ಟ ದಿನವೇ ಕೇಳಿದ್ದಳು. ಅಂದು ಕಂಕುಳಲ್ಲಿ ತಿರುಪತಿಯಿಂದ ತಂದ ತಿಮ್ಮಪ್ಪನ ಪಟವಿತ್ತು. ಒಂದೇ ಒಂದು ಮೊಳೆಯೆಂದು ಬೇಡಿಕೊಂಡರೂ ಗೋದಮ್ಮ ಜಗ್ಗಲಿಲ್ಲ. ಅಷ್ಟೂ ವರ್ಷ ದೇವರು ಅಕ್ಕಿ ಡಬ್ಬದ ಮೇಲೆ ಗೋಡೆಗೊರಗಿ ಕುಳಿತಿದ್ದ. ಅಕ್ಕಿ ತೆಗೆಯುವಾಗಲೆಲ್ಲ ಅವನನ್ನು ಎತ್ತಿ ನೆಲಕ್ಕಿಳಿಸಬೇಕು, ಮತ್ತೆ ಕೈಮುಗಿದು ಏರಿಸಬೇಕು. ಬಾಡಿಗೆಯವರ ದೇವರಿಗೆ ಗೋಡೆ ಯಾಕೆ ಅನ್ನುವ ತಾತ್ಸಾರವೆಂದೇ ಅಶ್ವತ್ಥಮ್ಮ ತಿಳಿದಿದ್ದಳು. ಆ ಮುಳ್ಳು ಇವತ್ತಿಗೂ ಎದೆಯಿಂದ ಹೋಗಿರಲಿಲ್ಲ.

ಈಗ ಗೋದಮ್ಮನ ಮುಖ ಸಪ್ಪಗಾಗುತ್ತದೆಂದು ಕಾದಳು. ಅವರು ಗೋಡೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಆಗಲಮ್ಮ," ಎಂದರು.

ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ ಬಂದರು. ಸಾಮಾನಿನ ಆಟೋದಲ್ಲಿ ಕೊನೆಗೆ ಇಳಿದದ್ದು ಹಳೇ ಜಮಖಾನದಲ್ಲಿ ಸುತ್ತಿದ್ದ ಗಡಿಯಾರ. ಅದನ್ನು ಅಶ್ವತ್ಥಮ್ಮ ನೋಡದವಳೇ? ಗೋದಮ್ಮನ ಮಾವನವರ ಕಾಲದ್ದು, ಲೋಲಕ ಆಡುವಂಥದು. ಹಳೇ ಮನೆಯ ಪಡಸಾಲೆಯ ನಡುವಿನ ಮರದ ಕಂಬದ ಮೇಲೆ ತೂಗುತ್ತಿತ್ತು. ಬೆಳಿಗ್ಗೆ ಅದು ಒಂಬತ್ತು ಬಾರಿಸಿದರೆ ಹಿಂದಿನ ಕೋಣೆಯಲ್ಲಿ ಮಾಲಾ ಪುಸ್ತಕ ಎತ್ತಿಕೊಂಡು ಸ್ಕೂಲಿಗೆ ಓಡುತ್ತಿದ್ದಳು. ಇಷ್ಟು ಗೋಡೆಗಳಿದ್ದೂ ಕಂಬಕ್ಕೆ ಯಾಕೆ ನೇತುಹಾಕಿದರೋ ಎಂದು ಅಶ್ವತ್ಥಮ್ಮನಿಗೆ ಆಗ ಅನ್ನಿಸುತ್ತಿತ್ತು. ದೊಡ್ಡವರ ಮನೆಯ ಠೀವಿ ಇರಬೇಕು ಎಂದುಕೊಂಡಿದ್ದಳು.

ಹೊಸ ಮನೆಯಲ್ಲಿ ಕಂಬ ಎಲ್ಲಿಂದ ಬರಬೇಕು? ದಿನಗಳು ಕಳೆದರೂ ಮಹಡಿಯಿಂದ ಗಂಟೆಯ ಸದ್ದು ಕೇಳಲಿಲ್ಲ. ಗೋದಮ್ಮ ಬಂದು ಕೇಳಲೂ ಇಲ್ಲ. ಒಂದು ಸಲ ಕೇಳಲಿ, ಆಮೇಲೆ ನೋಡೋಣ ಎಂದು ಅಶ್ವತ್ಥಮ್ಮ ಕೆಳಗೆ ಬಿಗಿದುಕೊಂಡು ಕುಳಿತಳು. ಅಷ್ಟು ಜಂಬ ಒಳ್ಳೆಯದಲ್ಲ ಎಂದು ನರಸಿಂಹಪ್ಪ ಒಮ್ಮೆ ಹೇಳಿ ನೋಡಿದ.

ಒಂದು ಸಂಜೆ ತಾರಸಿಯ ಟ್ಯಾಂಕು ತುಂಬಿತೇ ಎಂದು ನೋಡಲು ಅಶ್ವತ್ಥಮ್ಮ ಮೇಲೆ ಹೋದಳು. ಮಹಡಿ ಮನೆಯ ಬಾಗಿಲು ತೆಗೆದಿತ್ತು. ಗಡಿಯಾರವನ್ನು ಕುರ್ಚಿಯ ಮೇಲೆ ಗೋಡೆಗೊರಗಿಸಿಟ್ಟು, ಗೋದಮ್ಮ ಅದರೆದುರು ಕುಳಿತು ಬೆರಳಿನಿಂದ ಲೋಲಕ ತಳ್ಳುತ್ತಿದ್ದರು. ಅದು ನಾಲ್ಕಾರು ಸಲ ಆಡಿ ನಿಂತಿತು. ಮತ್ತೆ ತಳ್ಳಿದರು.

"ಒರಗಿಸಿಟ್ರೆ ಓಡಲ್ಲ ಇದು," ಎಂದರು, ಅವಳನ್ನು ನೋಡಿ. ದೂರಿನ ದನಿ ಇರಲಿಲ್ಲ.

ಅಕ್ಕಿ ಡಬ್ಬದ ಮೇಲಿನ ತಿಮ್ಮಪ್ಪ ಅಶ್ವತ್ಥಮ್ಮನ ಕಣ್ಣಿಗೆ ಕಟ್ಟಿದ. ಇಂಥದೊಂದು ಸಂಜೆಗಾಗಿಯೇ ಕಾದಿದ್ದಳಲ್ಲವೇ? ಆದರೆ ಕಾದ ಸಂತೋಷ ಬರಲಿಲ್ಲ. ಗೋದಮ್ಮನೋರೇ ಎಂದೇ ಕರೆಯಬೇಕೆಂದು ಮಾಡಿಕೊಂಡಿದ್ದ ನಿಶ್ಚಯವೂ ಮರೆತು, ಬಾಡಿಗೆಗಿದ್ದಾಗಿನ ಕರೆಯೇ ಬಾಯಿಗೆ ಬಂತು.

"ಅಮ್ಮಾವ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತಿಮ್ಮಪ್ಪನ ಪಟಕ್ಕೆ ಒಂದೇ ಒಂದು ಮೊಳೆ ಹೊಡೆಯಾಕೆ ಯಾಕೆ ಬಿಡ್ಲಿಲ್ಲ ನೀವು?"

ಗೋದಮ್ಮ ಲೋಲಕ ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡರು.

"ಹೊಡೆದಿದ್ರೆ ಗೋಡೇನೇ ಕೈಗೆ ಬರ್ತಿತ್ತು ಕಣೇ. ಅಷ್ಟೂ ಮಣ್ಣಿನ ಗೋಡೆ. ಮೇಲೆ ಗಾರೆ ಬಳಿಸಿ, ಹಬ್ಬಕ್ಕೊಂದು ಸಲ ಬಣ್ಣ ಹೊಡೆಸಿ ಇಟ್ಕೊಂಡಿದ್ವಿ. ಮೊನ್ನೆ ಕೆಡವೋವಾಗ ನೋಡ್ಬೇಕಿತ್ತು ನೀನು, ಹಿಟ್ಟಿನ ಹಾಗೆ ಉದುರ್ತು. ಬೀದಿಯೋರೆಲ್ಲ ನಿಂತು ನೋಡಿದ್ರು." ಗಡಿಯಾರದ ಅಂಚನ್ನು ಸೆರಗಿನಿಂದ ಒರೆಸಿದರು. "ಬಾಡಿಗೆಗಿರೋಳ ಹತ್ರ ನಮ್ಮ ಗೋಡೆ ಮೆದು ಅಂತ ಹೇಗಮ್ಮ ಹೇಳ್ಲಿ? ಅದಕ್ಕೇ ಜೋರು ಮಾಡ್ತಿದ್ದೆ. ಈ ಗಡಿಯಾರಾನೂ ಕಂಬಕ್ಕೆ ಹಾಕಿದ್ದು ಮತ್ಯಾಕೆ?"

ಅಶ್ವತ್ಥಮ್ಮ ಮೆಟ್ಟಿಲಿಳಿದಳು. ಇಷ್ಟು ವರ್ಷ ತಾತ್ಸಾರವೆಂದು ಎದೆಯಲ್ಲಿ ಸಾಕಿಕೊಂಡದ್ದು ಗೋದಮ್ಮನ ನಾಚಿಕೆಯಾಗಿತ್ತೇ? ನಗು ಬಂತು, ಅಳುವೂ ಬಂತು. ಗಂಡನ ಸಾಮಾನಿನ ಡಬ್ಬ ತಡಕಿ ಸುತ್ತಿಗೆಯನ್ನೂ ಒಂದು ಉದ್ದನೆಯ ಮೊಳೆಯನ್ನೂ ತೆಗೆದುಕೊಂಡು ಮತ್ತೆ ಮೇಲೆ ಬಂದಳು.

"ಎಲ್ಲಿಗೆ ಬೇಕು, ತೋರಿಸಿ."

ಗೋದಮ್ಮ ಬೇಡವೆಂದರು, ವಾದಿರಾಜ ಏನಾದರೂ ಮಾಡುತ್ತಾನೆ ಎಂದರು. ಅಶ್ವತ್ಥಮ್ಮ ಕೇಳಲಿಲ್ಲ. ಕಿಟಕಿಯ ಪಕ್ಕ, ಮಲಗುವ ಕೋಣೆಯಿಂದಲೂ ಕಾಣುವ ಜಾಗವನ್ನು ತಾನೇ ಆರಿಸಿದಳು. ಸ್ಟೂಲು ಹತ್ತಿ ಮೊಳೆಯಿಟ್ಟು ಹೊಡೆದಳು. ಕಲ್ಲಿಗೆ ಹೊಡೆದ ಹಾಗೆ ಠಣ್ಣೆಂದಿತು. ಇನ್ನೊಂದು ಏಟು, ಇನ್ನೂ ಜೋರಾಗಿ ಮತ್ತೊಂದು. ಬಣ್ಣದ ಒಂದು ಚೂರು ಹಾರಿತು. ಮೊಳೆ ಸೊಂಟ ಮುರಿದುಕೊಂಡು ಬಗ್ಗಿ ಕೆಳಗೆ ಬಿತ್ತು.

ಗೋದಮ್ಮ ಬಾಗಿ ಅದನ್ನೆತ್ತಿಕೊಂಡರು. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ, ಇನ್ನೊಂದು ಅಂಗೈಯನ್ನು ಅದರ ಮೇಲೆ ಉದ್ದಕ್ಕೂ ಸವರಿದರು, ಹಸುವಿನ ಮೈ ಸವರುವ ಹಾಗೆ.

"ಇದು ಗೋಡೆ," ಎಂದು ಮೊಳೆಯನ್ನು ಅವಳ ಕೈಗಿಟ್ಟರು. "ಎಂಥ ಗೋಡೆ ಕಟ್ಟಿಸಿದೀಯೇ ಅಶ್ವತ್ಥಮ್ಮ."

ಅಶ್ವತ್ಥಮ್ಮ ಸ್ಟೂಲಿನ ಮೇಲೆಯೇ ನಿಂತಿದ್ದಳು. ಏನೇನೋ ಹೇಳಬೇಕೆಂದು ವರ್ಷಗಟ್ಟಲೆ ಜೋಡಿಸಿಟ್ಟುಕೊಂಡಿದ್ದಳು. ಹೆಮ್ಮೆಯಿಂದ ಎದೆ ತುಂಬಿ, ಒಂದೇ ಮಾತು ಹೊರಟಿತು.

"ನೀರು ನಾನೇ ಹಾಕಿದ್ದಮ್ಮಾವ್ರೇ."

ಮರುದಿನ ಸಂಜೆ ವಾದಿರಾಜ ಡ್ರಿಲ್ ಮಾಡುವವನನ್ನು ಕರೆತಂದ. ಅವನೂ ಬೆವರು ಒರೆಸಿಕೊಂಡೇ ಗೋಡೆಗೆ ತೂತು ಕೊರೆದ. ಕೆಳಗೆ ಸೊಪ್ಪು ಬಿಡಿಸುತ್ತ ಕುಳಿತಿದ್ದ ಅಶ್ವತ್ಥಮ್ಮ ಆ ಸದ್ದನ್ನು ಕೊನೆಯ ತನಕ ಕೇಳಿದಳು. ಕತ್ತಲಾಗುತ್ತಲೇ ನರಸಿಂಹಪ್ಪ ದೀಪ ಹಚ್ಚಲು ಹೋದವನು, ದೇವರ ಗೂಡಿನಲ್ಲಿ ತಿಮ್ಮಪ್ಪನ ಪಟದ ಮುಂದೆ ಅರಿಶಿನ ಕುಂಕುಮದ ಬಟ್ಟಲಿನ ಪಕ್ಕ ಡೊಂಕು ಮೊಳೆಯೊಂದು ಬಿದ್ದಿರುವುದನ್ನು ಕಂಡು, ಎಸೆಯಲೇ ಎಂದು ಕೇಳಿದ.

"ಇರ್ಲಿ ಬಿಡಿ," ಎಂದಳು ಅಶ್ವತ್ಥಮ್ಮ.

ಮೇಲೆ ಗಡಿಯಾರ ಏಳು ಹೊಡೆಯತೊಡಗಿತು. ಅವಳು ಸೊಪ್ಪಿನ ಮೇಲಿಂದ ಕೈ ತೆಗೆದು, ಅದು ಮುಗಿಯುವ ತನಕ ಒಂದೊಂದೇ ಎಣಿಸುತ್ತ ಕುಳಿತಳು.