ತವರಿಗೆ ಹೋಗಿ ಬರುವ ಅಪ್ಪಣೆ

ನನ್ನ ಎರಡನೆಯ ಮಗ ಹುಟ್ಟಿದಾಗ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಅಗರಖೇಡದ ದಾರಿಯಲ್ಲಿದ್ದ ಮಿಶನ್ ದವಾಖಾನೆಯ ಸಿಸ್ಟರ್ ಊರ್ಸುಲಾ ಅವನ ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಅವನು ಚೀರಿದ ಮೇಲೆಯೇ ಆಕೆ ಗೋಡೆಗೆ ಒರಗಿ ಕುಳಿತದ್ದು.

ಬೆಳಗಾಗುತ್ತಲೇ ನಮ್ಮತ್ತೆ ಹೊನ್ನವ್ವ ಪೂಜೆ ಮುಗಿಸಿ ಬಂದು ಆಕೆಯ ಹಣೆಗೆ ವಿಭೂತಿ ಹಚ್ಚಿದಳು. ಕಷ್ಟಕ್ಕೆ ಬಂದವರನ್ನು ಬರಿಹಣೆಯಲ್ಲಿ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಸಿಸ್ಟರವ್ವ ಅದನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ನಮ್ಮ ಓಣಿಗೆ ಬಂದಾಗಲೆಲ್ಲ ತಾನೇ ತಲೆ ಬಗ್ಗಿಸುತ್ತಿದ್ದಳು. ಕೊರಳಲ್ಲಿ ಶಿಲುಬೆ, ಹಣೆಯಲ್ಲಿ ಮೂರು ಬೆರಳಿನ ಗೆರೆ. ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

೧೯೭೪ರಲ್ಲಿ ಜರ್ಮನಿಯಿಂದ ಸಿಸ್ಟರವ್ವನಿಗೆ ತಂತಿ ಬಂತು: ತಾಯಿ ಹಾಸಿಗೆ ಹಿಡಿದಿದ್ದಾರೆ. ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಮರಳಿ ಬರುವುದೇ ಕಷ್ಟ. ಪರದೇಶದ ಮಿಶನರಿಗಳು ಹೊರಗೆ ಹೋದರೆ ಮತ್ತೆ ಒಳಗೆ ಬಿಡುವ ಖಾತ್ರಿ ಆಗ ಇರಲಿಲ್ಲ. ಹೋಗುವ ಮೊದಲೇ ಸರಕಾರದ ಅಪ್ಪಣೆ ಪಡೆಯಬೇಕಿತ್ತು. ಅದರ ವಿಚಾರಣೆಗೆ ಒಬ್ಬ ಅಧಿಕಾರಿ ಊರಿಗೆ ಬಂದ.

"ಮುದುಕಿ, ಈಕಿ ನಿಮಗ ಕ್ರಿಸ್ತರಾಗ್ರಿ ಅಂತ ಹೇಳತಾಳೇನು?" ಎಂದು ಅತ್ತೆಯನ್ನು ಕೇಳಿದ.

ಸಿಸ್ಟರವ್ವನಿಗೆ ಒಳ್ಳೆಯದಾಗಲೆಂದು ಅತ್ತೆ ಎದೆಯುಬ್ಬಿಸಿದಳು. "ಆಕಿ ಏನ್ ನಮ್ಮನ್ನ ಸೇರಿಸ್ತಾಳ್ರೀ! ನಾವ ಆಕಿನ್ನ ನಮ್ಮೊಳಗ ಸೇರಿಸಿಕೊಂಡೇವಿ. ದಿನಾ ಈಬತ್ತಿ ಹಚ್ಚತಾಳ. ಈಗ ಆಕಿ ನಮ್ಮಾಕಿ!"

ಅತ್ತೆ ಹೇಳಿದ್ದನ್ನೇ ಅಧಿಕಾರಿ ಬರೆದುಕೊಂಡ. ಸಿಸ್ಟರವ್ವನಿಗೆ ಈ ದೇಶದಲ್ಲಿರಲು ಪರವಾನಗಿ ಸಿಕ್ಕಿದ್ದೇ ಮಿಶನ್ನಿನ ಸಿಸ್ಟರ್ ಎಂದು. ಮತ ಬಿಟ್ಟವಳಾದರೆ ಪರವಾನಗಿ ಯಾತಕ್ಕೆ? ಮರಳಿ ಬರುವ ಅಪ್ಪಣೆ ನಿಂತುಹೋಯಿತು.

ಔಷಧಿಗೆಂದು ದವಾಖಾನೆಗೆ ಹೋದಾಗ ಸಿಸ್ಟರವ್ವ ನನ್ನ ಮಗನನ್ನು ಎತ್ತಿಕೊಂಡಳು. "ಕಸ್ತೂರೆವ್ವ, ನಾ ಹೋಗಂಗಿಲ್ಲ. ಹೋದ್ರ ನೀವು ಸಿಗಂಗಿಲ್ಲ, ಇದ್ರ ಅವ್ವ ಸಿಗಂಗಿಲ್ಲ" ಎಂದಳು. ನಮ್ಮ ಮಾತನ್ನೇ ನಮ್ಮ ಹಾಗೆಯೇ ಆಡುತ್ತಿದ್ದಳು. ಮನೆಗೆ ಬಂದು ಹೇಳಿದೆ. ಅತ್ತೆ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿ ಎದ್ದುಬಿಟ್ಟಳು.

ಸಿಸ್ಟರವ್ವನ ದೇಶದ ಕಾನ್ಸುಲ್ ಕಚೇರಿ ಮುಂಬಯಿಯಲ್ಲಿತ್ತು. ಇಲ್ಲಿರುವ ತಮ್ಮ ಜನಕ್ಕೆ ತೊಂದರೆಯಾದರೆ ಸರಕಾರದ ಹತ್ತಿರ ಮಾತಾಡುವ ಕಚೇರಿ. ಸಿಸ್ಟರವ್ವ ಕಾಗದ ಬರೆದಳು. ಅಲ್ಲಿಂದ ಒಬ್ಬ ಎತ್ತರದ ಸಾಹೇಬ ಇಂಡಿ ರೋಡ್ ಸ್ಟೇಶನ್ನಿನಲ್ಲಿ ಇಳಿದು, ದವಾಖಾನೆಯ ಜೀಪಿನಲ್ಲಿ ಬೆವರು ಸುರಿಸುತ್ತ ನಮ್ಮ ಮನೆಗೇ ಬಂದ. ಡ್ರೈವರ್ ಬಾಬುಲಾಲ ಅವನ ಹಿಂದಿಯನ್ನು ಕನ್ನಡಕ್ಕೆ ತಿರುಗಿಸಿದ.

"ಅಜ್ಜಿ, ಸಾಹೇಬ್ರು ಕೇಳ್ತಾರ, ಸಿಸ್ಟರ್ ತನ್ನ ಮತ ಬಿಟ್ಟದ್ದು ಖರೇ ಏನು?"

"ಯಾವ ಬಾಯಾಗ ಅಂದೇನಿ ನಾ ಹಂಗ? ಈಬತ್ತಿ ನಾನ ಹಚ್ಚೇನಿ, ಆಕಿ ಬ್ಯಾಡ ಅನ್ನಲಿಲ್ಲ. ದೊಡ್ಡವರು ಹಚ್ಚಿದ್ರ ನಿಮ್ಮ ಸಾಯೇಬ ಒರಸಿಕೋತಾನೇನು?"

"ಕೊರಳಾಗಿನ ಶಿಲುಬಿ ತಗದಾಳೇನು ಅಂತ ಕೇಳ್ತಾರ."

"ಅದು ಆಕಿ ತವರಮನೀದು, ಬಾಬುಲಾಲ. ತವರಿಂದ ಬಂದದ್ದನ್ನ ಯಾರರ ತಗಸ್ತಾರೇನೋ?"

ಬಾಬುಲಾಲ ಅಷ್ಟನ್ನೂ ಹೇಳಿದ. ಸಾಹೇಬ ಬರೆಯುವುದನ್ನು ನಿಲ್ಲಿಸಿ ಅತ್ತೆಯನ್ನೇ ನೋಡಿದ.

"ಇನ್ನೊಂದು ಹೇಳಿ ಬಿಡೋ" ಎಂದಳು ಅತ್ತೆ. "ತಾಯಿ ಮಲಗ್ಯಾಳ, ಮಗಳು ತವರಿಗೆ ಹೋಗಬೇಕು. ಹೋದ ಮಗಳು ತನ್ನ ಮನಿಗೆ ತಿರುಗಿ ಬರಬೇಕು. ಇದನ್ನ ಇಷ್ಟು ದೂರದಿಂದ ಬಂದು ಕೇಳಬೇಕಾತೇನು?"

"ಅದನ್ನ ಕೇಳಿ ಕೊಡಸೂದ ನನ್ನ ಕೆಲಸ ಅಂತಾರಜ್ಜಿ."

"ಹಂಗಾರ ಮಜ್ಜಿಗಿ ಕುಡದು ಕೆಲಸಕ್ಕ ಹತ್ತು ಅನ್ನು."

ನಾನು ಕೊಟ್ಟ ಮಜ್ಜಿಗೆ ಕುಡಿದು ಆತ ಬಿಜಾಪುರಕ್ಕೆ ಹೋದ. ಅಲ್ಲಿಯ ಅಧಿಕಾರಿಗಳಿಗೆ ಅತ್ತೆಯ ಮಾತನ್ನು ಬಿಡಿಸಿ ಹೇಳಿದನಂತೆ. ಬೆಂಗಳೂರಿಗೆ ಬರೆದ, ದಿಲ್ಲಿಗೆ ಬರೆದ. ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ಅಪ್ಪಣೆ ಬಂತು. ಹೋಗಬಹುದು, ಬರಬಹುದು.

ಹೊರಡುವ ದಿನ ಅತ್ತೆ ಸ್ಟೇಶನ್ನಿನಲ್ಲಿ ಸಿಸ್ಟರವ್ವನಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಮದುವೆಯಾಗದವಳಿಗೆ ಉಡಿ ಎಲ್ಲಿಯದು ಎಂದು ಯಾರೋ ಗೊಣಗಿದರು. "ಹೊಳ್ಳಿ ಬರಾಕಿಗೆ ತುಂಬತಾರ, ಸುಮ್ನಿರ್ರಿ" ಎಂದಳು. ವಿಭೂತಿಯ ಚೀಲಕ್ಕೆ ಕೈ ಹಾಕಿದವಳು ತಡೆದಳು. "ಬ್ಯಾಡ ತಂಗಿ. ಮತ್ತ ಯಾರರ ಬರಕೊಂಡಾರು."

ಸಿಸ್ಟರವ್ವ ನಕ್ಕು ತಲೆ ಬಗ್ಗಿಸಿ ನಿಂತಳು. ಹಚ್ಚುವವರೆಗೂ ತಲೆ ಎತ್ತಲಿಲ್ಲ.

ಯುಗಾದಿ ಕಳೆದ ಮೇಲೆ ಬಂದಳು. ತಾಯಿ ಆಕೆಯ ಕೈ ಹಿಡಿದುಕೊಂಡೇ ಹೋದರಂತೆ. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿದ್ದರೂ ಮುಖ ಹಗುರಾಗಿತ್ತು.

ಆ ಸಾಹೇಬನ ಹೆಸರು ನಮ್ಮ ನಾಲಗೆಗೆ ಹೊರಳಲಿಲ್ಲ. ಅತ್ತೆ ಇರುವತನಕ ಪೂಜೆಯ ಕೊನೆಗೆ ಮೊಮ್ಮಕ್ಕಳ ಹೆಸರೆಲ್ಲ ಹೇಳಿ, "ಆ ಮುಂಬೈ ಸಾಯೇಬನ ಹೊಟ್ಟಿ ತಣ್ಣಗಿರಲಿ" ಎನ್ನುತ್ತಿದ್ದಳು. ಈಗ ನಾನು ಅನ್ನುತ್ತೇನೆ.